ಬೆಂಗಳೂರಿನ ರ‍್ಯಾಪ್‌ಗೆ ಲೈಕ್ ಸಾಕು, ಸವಾಲು ಬೇಕು!

ಕನ್ನಡ ರ‍್ಯಾಪ್ ಕಟ್ಟುವವರೇ, ಕೇಳುವವರೇ, ವೇದಿಕೆ ಹಾಕಿಕೊಡುವವರೇ,

ನಮ್ಮೂರಿನ ರ‍್ಯಾಪ್ ಇವತ್ತು ಆಟೋದಲ್ಲಿದೆ, ಗಣೇಶನ ಪೆಂಡಾಲಿನಲ್ಲಿದೆ, ಕಾಲೇಜು ಫೆಸ್ಟಿನಲ್ಲಿದೆ. ಆದರೆ ನಾಲ್ಕು ಹಾಡು ಸಾಲಾಗಿ ಹಾಕಿ ಕೇಳಿ. ಬೀಟ್ ಅದೇ, ಜಂಬ ಅದೇ, ಕೈಕೊಟ್ಟ ಹುಡುಗಿ ಅವಳೇ, ಬಾಟಲಿಯೂ ಅದೇ. ನವೆಂಬರಿನಲ್ಲಿ ಬಾವುಟದ ಹಾಡು. ಡಿಸೆಂಬರಿನಲ್ಲಿ ಅದನ್ನು ಕೇಳುವವರಿಲ್ಲ.

ಮೊದಲು ಹೀಗಿರಲಿಲ್ಲ. ಬ್ರೋಧ ವಿ, ಸ್ಮೋಕಿ ದಿ ಘೋಸ್ಟ್, ಬಿಗ್ ನಿಕ್ ಸೇರಿ ‘ಮಚಾಸ್ ವಿತ್ ಆಟಿಟ್ಯೂಡ್’ ತಂಡ ಕಟ್ಟಿದಾಗ ಅವರ ಮುಂದೆ ಹಾಕಿಟ್ಟ ದಾರಿ ಇರಲಿಲ್ಲ. 2012ರ ‘ಆತ್ಮ ರಾಮ’ ಹಾಡಿನಲ್ಲಿ ಬ್ರೋಧ ವಿ ಇಂಗ್ಲಿಷ್ ರ‍್ಯಾಪ್‌ನ ನಡುವೆ ರಾಮಸ್ತುತಿ ತಂದರು. ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್ಟೋ ಮುಂತಾದವರು ಕನ್ನಡದಲ್ಲೂ ರ‍್ಯಾಪ್ ನಡೆಯುತ್ತದೆ ಎಂದು ತೋರಿಸಿದರು. ಹಿಂದೆ ಬಂದ ಬಹಳ ಮಂದಿ ಅವರ ಧೈರ್ಯವನ್ನು ಬಿಟ್ಟು ಅಚ್ಚನ್ನು ಮಾತ್ರ ಎತ್ತಿಕೊಂಡರು.

ತಪ್ಪು ಹುಡುಗರದ್ದಷ್ಟೇ ಅಲ್ಲ. ನೆಟ್‌ನಲ್ಲಿ ಬಾಡಿಗೆಗೆ ಸಿಗುವ ಬೀಟ್ ಅಗ್ಗ. ಅದರ ಮೇಲೆ ಹತ್ತು ಊರಿನವರು ಹಾಡಿರುತ್ತಾರೆ. ಹಣ ಹಾಕುವವರು ಮೊದಲು ಕೇಳುವುದು ‘ವ್ಯೂಸ್ ಎಷ್ಟು?’ ಸಿನಿಮಾಕ್ಕೆ ರ‍್ಯಾಪ್ ಬೇಕಾಗುವುದು ಹೀರೋ ಕಾರಿನಿಂದ ಇಳಿಯುವಷ್ಟು ಹೊತ್ತಿಗೆ. ಸೈಫರಿನಲ್ಲಿ, ಅಂದರೆ ಸುತ್ತ ನಿಂತು ಸರದಿಯಲ್ಲಿ ರ‍್ಯಾಪ್ ಮಾಡುವ ಕೂಟದಲ್ಲಿ, ಗೆಳೆಯರು ಸಪ್ಪೆ ಸಾಲಿಗೆ ಅಲ್ಲೇ ನಗುತ್ತಾರೆ. ಕೋಣೆಯಲ್ಲಿ ಕೂತು ಅಪ್‌ಲೋಡ್ ಮಾಡಿದರೆ ‘ಬೆಂಕಿ ಬ್ರೋ’ ಅನ್ನುವವರೇ ಸಿಗುತ್ತಾರೆ. ತಿದ್ದುವವರಿಲ್ಲದ ಕಡೆ ಕಸುಬು ಬೆಳೆಯದು.

ಪ್ರಾಸವನ್ನೇ ನೋಡಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ‘ಬಿದ್ದೆ, ಎದ್ದೆ, ಗೆದ್ದೆ’ ಎಂಬ ಪ್ರಾಸ ಬಿಟ್ಟಿ ಸಿಗುತ್ತದೆ. ಅದರಲ್ಲಿ ಹೆಚ್ಚುಗಾರಿಕೆ ಏನಿದೆ? ನಮ್ಮ ಹಳೆಯ ಕವಿಗಳು ಸಾಲಿನ ಆರಂಭದಲ್ಲೇ, ಎರಡನೇ ಅಕ್ಷರಕ್ಕೆ ಪ್ರಾಸ ಕೂಡಿಸುತ್ತಿದ್ದರು. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಲಾವಣಿ ಮೇಳಗಳಲ್ಲಿ ಒಂದು ಪಕ್ಷ ಹಾಡಿನಲ್ಲೇ ಸವಾಲು ಎಸೆದರೆ ಇನ್ನೊಂದು ಪಕ್ಷ ಹಾಡಿನಲ್ಲೇ ಜವಾಬು ಕೊಡಬೇಕು. ರ‍್ಯಾಪ್ ಬ್ಯಾಟಲ್‌ಗೆ ಬೇಕಾದ ಗತ್ತೆಲ್ಲ ಅಲ್ಲಿದೆ. ಬೆಂಗಳೂರಿನ ಎಷ್ಟು ರ‍್ಯಾಪರ್‌ಗಳು ಆ ಮೇಳದ ಮುಂದೆ ಕೂತಿದ್ದಾರೆ?

‘ಜನಕ್ಕೆ ಇದೇ ಬೇಕು’ ಎಂಬ ಸಬೂಬು ನಿಲ್ಲುವುದಿಲ್ಲ. 2021ರಲ್ಲಿ ತಮಿಳು ರ‍್ಯಾಪರ್ ಅರಿವು, ಗಾಯಕಿ ಧೀ ಜೊತೆ ಹಾಡಿದ ‘ಎಂಜಾಯ್ ಎಂಜಾಮಿ’ಯಲ್ಲಿ ನೆಲವಿಲ್ಲದೆ ದುಡಿದ ಅಜ್ಜಿಯ ಬದುಕಿದೆ, ಸಾವಿನ ಮನೆಯ ಒಪ್ಪಾರಿಯ ಧಾಟಿಯಿದೆ. ಅದು ದೇಶದ ಆಚೆಗೂ ಮುಟ್ಟಿತು. ಬೆಂಗಳೂರಿನ ವೇದಿಕೆಗಳಲ್ಲಿ ಪಳಗಿದ ಹನುಮಾನ್‌ಕೈಂಡ್ 2024ರಲ್ಲಿ ‘ಬಿಗ್ ಡಾಗ್ಸ್’ ವಿಡಿಯೋವನ್ನು ಜಾತ್ರೆಯ ಮರಣಬಾವಿಯೊಳಗೆ ಚಿತ್ರಿಸಿದರು; ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಸ್ಥಾನಕ್ಕೇರಿತು. ಇವೆರಡನ್ನೂ ಬೇಕೆಂದು ಜನ ಮೊದಲೇ ಕೇಳಿರಲಿಲ್ಲ. ಕೊಟ್ಟ ಮೇಲೆ ಕೇಳಿದರು.

ಆದ್ದರಿಂದ ನಮ್ಮ ಒತ್ತಾಯ:

1. ಬರೆಯುವವರು ಬಾಡಿಗೆ ಬೀಟ್ ಬಿಟ್ಟು ನಮ್ಮೂರಿನ ಬೀಟ್ ಕಟ್ಟುವವರ ಜೊತೆ ಕೂರಲಿ. ಹಳೇ ಬೀಟ್ ಮೇಲೆ ತಮಟೆ ಸದ್ದು ಅಂಟಿಸಿದರೆ ಸಾಲದು. ತಮಟೆಯ ಪೆಟ್ಟಿಗೆ ತಕ್ಕಂತೆ ಸಾಲು ಮುರಿಯಬೇಕು.

2. ಪೀಣ್ಯದ ನೈಟ್ ಶಿಫ್ಟ್, ಟ್ಯಾಂಕರ್ ನೀರು, ಪಿಜಿ ಬಾಡಿಗೆ, ಡೆಲಿವರಿ ಹುಡುಗನ ರೇಟಿಂಗ್ ಹಾಡಿಗೆ ಬರಲಿ. ಶಿವಾಜಿನಗರದ ದಖನಿ, ಶ್ರೀರಾಮಪುರದ ತಮಿಳು ಬೆರೆತ ಮಾತೂ ಬರಲಿ.

3. ಸಂಘಟಕರು ಪ್ರತಿ ಕಾರ್ಯಕ್ರಮದಲ್ಲೂ ಅರ್ಧ ಗಂಟೆ ಮುಕ್ತ ಸೈಫರಿಗೆ ಬಿಡಲಿ. ವಿಷಯವನ್ನು ಸ್ಥಳದಲ್ಲೇ ಕೊಡಲಿ. ಹೆಣ್ಣುಮಕ್ಕಳಿಗೆ ಮೈಕ್ ಸಿಗಲಿ.

4. ಆಡಿಯೋ ಕಂಪನಿಗಳು ಬೀಟ್ ಕಟ್ಟಿದವರ ಹೆಸರು ಹಾಕಲಿ, ಪಾಲು ಕೊಡಲಿ.

5. ಕೇಳುಗರೇ, ಸಪ್ಪೆ ಸಾಲಿಗೆ ‘ಸಪ್ಪೆ’ ಅನ್ನಿ. ಹೊಸದನ್ನು ಯತ್ನಿಸಿ ಎಡವಿದವರಿಗೆ ಇನ್ನೊಂದು ಅವಕಾಶ ಕೊಡಿ.

ಮುಂದಿನ ಸೈಫರಿಗೆ ಬನ್ನಿ. ಬರುವಾಗ ಯಾರೂ ಹಾಡದ ನಾಲ್ಕು ಸಾಲು ತನ್ನಿ.

(ಓದಿ, ಇನ್ನೊಬ್ಬರಿಗೆ ಕೊಡಿ.)