ಅಜ್ಜಿಯ ಅಮ್ಮ ಯಾವ ಊರಿನವಳು?

ಋಷಿಮೂಲ, ನದೀಮೂಲ ಹುಡುಕಬಾರದು ಎಂಬ ಮಾತುಂಟು. ಆದರೆ ತಮ್ಮ ಮೂಲವನ್ನು ಹಿರಿಯರ ಬಾಯಿಮಾತಿನಿಂದ ಹಿಡಿದು ಸಮಾಧಿಯ ಕಲ್ಲಿನವರೆಗೆ ಹುಡುಕಲೇಬೇಕಾಗಿ ಬಂದ ಸಮುದಾಯವೊಂದಿದೆ. ಮಹಾರಾಷ್ಟ್ರದ ಕೊಂಕಣ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿದ ಈ ಯಹೂದಿಗಳು ತಮ್ಮನ್ನು ‘ಬೆನೆ ಇಸ್ರೇಲ್’, ಅಂದರೆ ಇಸ್ರೇಲನ ಮಕ್ಕಳು, ಎಂದು ಕರೆದುಕೊಳ್ಳುತ್ತಾರೆ.

ಇವರ ಮನೆಗಳಲ್ಲಿ ಮಕ್ಕಳಿಗೆ ಮೊದಲು ಹೇಳುವುದು ಹಡಗಿನ ಕಥೆ. ಬಹು ಹಿಂದೆ ಅಲಿಬಾಗ್ ಬಳಿಯ ನವಗಾಂವ್ ಎದುರಿಗೆ ಹಡಗೊಂದು ಒಡೆಯಿತು. ಏಳು ಗಂಡಸರು, ಏಳು ಹೆಂಗಸರು ಮಾತ್ರ ದಡ ಸೇರಿದರು. ಧರ್ಮಗ್ರಂಥಗಳೆಲ್ಲ ಸಮುದ್ರದ ಪಾಲಾದವು. ಉಳಿದವರು ಎಣ್ಣೆಗಾಣ ಹಿಡಿದರು, ಮರಾಠಿ ಕಲಿತರು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಅದನ್ನು ಕಂಡ ನೆರೆಯವರು ಇವರಿಗೆ ‘ಶನಿವಾರ ತೇಲಿ’, ಶನಿವಾರ ರಜೆ ಮಾಡುವ ಗಾಣಿಗರು, ಎಂದು ಹೆಸರಿಟ್ಟರು. ಗ್ರಂಥ ಹೋದರೂ ವಾರದ ವಿಶ್ರಾಂತಿ, ಒಂದು ಪುಟ್ಟ ಹೀಬ್ರೂ ಪ್ರಾರ್ಥನೆ ಉಳಿದವು. ಶುಭಕಾರ್ಯಕ್ಕೆ ಪ್ರವಾದಿ ಎಲೀಯನ ಹೆಸರಿನಲ್ಲಿ ಅವಲಕ್ಕಿ, ತೆಂಗಿನಕಾಯಿ, ಸಿಹಿ, ಹಣ್ಣು ಸೇರಿಸಿ ಮಾಡುವ ‘ಮಲಿದಾ’ ಇಂದಿಗೂ ನಡೆಯುತ್ತದೆ.

ಈ ಕಥೆಗೆ ಆಧಾರವೇನು? ವಂಶದ ಚರಿತ್ರೆ ಹುಡುಕುವವರು ಮೊದಲು ನೋಡುವುದು ಅಡ್ಡಹೆಸರನ್ನು. ಕಿಹೀಮ್ ಊರಿನವರು ಕೆಹೀಮಕರ್, ಪೇಣಿನವರು ಪೇಣಕರ್, ರೋಹಾದವರು ರೋಹೇಕರ್. ಬೆಳಗಾವಿ, ಕಾರವಾರದ ಓದುಗರಿಗೆ ಈ ‘ಕರ್’ ಹೊಸದಲ್ಲ. ಇಂಥ ನೂರಕ್ಕೂ ಹೆಚ್ಚು ಹೆಸರುಗಳು ಈ ಸಮುದಾಯದಲ್ಲಿವೆ. ಹೆಸರು ಹಿಡಿದು ಹೋದರೆ ಹಳ್ಳಿ ಸಿಗುತ್ತದೆ.

ಎರಡನೆಯದು ಸಮಾಧಿಯ ಕಲ್ಲು. ಯಹೂದಿ ಸಮಾಧಿಯ ಮೇಲೆ ಸಾಮಾನ್ಯವಾಗಿ ‘ಇಂಥವರ ಮಗ’, ‘ಇಂಥವರ ಮಗಳು’ ಎಂದು ಕೆತ್ತಿರುತ್ತಾರೆ. ಹಾಗಾಗಿ ಒಂದೇ ಕಲ್ಲಿನಲ್ಲಿ ಎರಡು ತಲೆಮಾರು ದೊರೆಯುತ್ತದೆ. ಕಲ್ಲಿನ ಮೇಲಿನ ಇಸವಿಯೂ ಹೀಬ್ರೂ ಪಂಚಾಂಗದ್ದಾಗಿರಬಹುದು. ಅದರಲ್ಲಿ 3760 ಕಳೆದರೆ ನಮಗೆ ಪರಿಚಿತವಾದ ಇಸವಿ ಬರುತ್ತದೆ: 5700 ಎಂದಿದ್ದರೆ 1940. ಆ ವರ್ಷ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಆರಂಭವಾಗುವುದರಿಂದ ಮೊದಲ ಕೆಲವು ತಿಂಗಳು ಮಾತ್ರ ಹಿಂದಿನ ಇಸವಿಗೆ ಸೇರುತ್ತವೆ.

ಬಾಯಿಮಾತು ಎಲ್ಲಿ ಮುಗಿಯುತ್ತದೆ, ದಾಖಲೆ ಎಲ್ಲಿ ಆರಂಭವಾಗುತ್ತದೆ ಎಂಬುದಕ್ಕೆ ಕರ್ನಾಟಕಕ್ಕೇ ಸೇರಿದ ಉದಾಹರಣೆಯೊಂದಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಸೆರೆಯಾಳು ಬೆನೆ ಇಸ್ರೇಲ್ ಎಂದು ತಿಳಿದು, ಕುರಾನಿನಲ್ಲಿ ಆ ಹೆಸರನ್ನು ಕೇಳಿದ್ದ ಟಿಪ್ಪುವಿನ ತಾಯಿ ಜೀವದಾನ ಕೊಡಿಸಿದಳಂತೆ. ಇದು ಮನೆಮನೆಯ ಕಥೆ. ಬದುಕಿ ಬಂದ ದಿವೇಕರ್ 1796ರಲ್ಲಿ ಮುಂಬಯಿಯಲ್ಲಿ ನಗರದ ಮೊದಲ ಯಹೂದಿ ಪ್ರಾರ್ಥನಾಮಂದಿರವನ್ನು ಕಟ್ಟಿಸಿದ್ದು ಇತಿಹಾಸ. ಅಲ್ಲಿನ ಮಸ್ಜಿದ್ ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದೂ ಈ ಮಂದಿರದಿಂದಲೇ ಎನ್ನುತ್ತಾರೆ. ಇದೇ ದಿವೇಕರ್ ‘ಸಮಾಜಿ ಹಸಾಜಿ’ ಎಂಬ ಹೆಸರಿನಿಂದಲೂ ಪರಿಚಿತ. ಒಬ್ಬನಿಗೇ ಎರಡು ಹೆಸರಿದ್ದೀತು ಎಂಬುದು ತಿಳಿಯದಿದ್ದರೆ ಹುಡುಕುವವರು ಇಬ್ಬರೆಂದೇ ಬರೆದುಕೊಳ್ಳುತ್ತಾರೆ.

ಇದೆಲ್ಲ ಬಿಡುವಿನ ವೇಳೆಯ ಹವ್ಯಾಸ ಎನಿಸಬಹುದು. 1962ರಲ್ಲಿ ಇದು ಬದುಕಿನ ಪ್ರಶ್ನೆಯಾಯಿತು. 1948ರ ನಂತರ ಈ ಸಮುದಾಯದ ಸಾವಿರಾರು ಜನ ಇಸ್ರೇಲಿಗೆ ಹೋಗಿ ನೆಲೆಸಿದ್ದರು. ಅಲ್ಲಿ ಮದುವೆಯನ್ನು ನೋಂದಾಯಿಸುವ ಅಧಿಕಾರ ಧರ್ಮಗುರುಗಳ ಕೈಯಲ್ಲಿದೆ. ಬೆನೆ ಇಸ್ರೇಲ್ ಮನೆತನದವರು ಬೇರೆ ಯಹೂದಿಗಳನ್ನು ಮದುವೆಯಾಗಬೇಕಾದರೆ ಅವರ ತಾಯಿ, ತಾಯಿಯ ತಾಯಿ, ಹೀಗೆ ಸಾಧ್ಯವಿದ್ದಷ್ಟು ಹಿಂದಿನವರೆಗೆ ವಿಚಾರಣೆಯಾಗಲಿ ಎಂದು ಮುಖ್ಯ ಧರ್ಮಪೀಠ ಸೂಚಿಸಿತು. ಯಹೂದಿ ಧರ್ಮಶಾಸ್ತ್ರದಲ್ಲಿ ಹುಟ್ಟಿನ ಗುರುತು ತಾಯಿಯಿಂದ ಬರುವಂಥದ್ದು. ಆದರೆ ಕಲ್ಲಿನ ಮೇಲಿದ್ದದ್ದು ತಂದೆಯ ಹೆಸರು. ‘ಕರ್’ ಸೇರಿದ ಊರೂ ತಂದೆಯ ಕಡೆಯದೇ. ಯಾವ ಹೆಸರನ್ನು ಯಾರೂ ಬರೆದಿಡಲಿಲ್ಲವೋ ಅದನ್ನೇ ತೋರಿಸಿ ಎಂದಂತಾಯಿತು. ಜನ ಪ್ರತಿಭಟನೆಗಿಳಿದರು. 1964ರಲ್ಲಿ ಇಸ್ರೇಲಿನ ಸಂಸತ್ತು ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಸಾರಿತು. ಧರ್ಮಪೀಠ ತನ್ನ ಸೂಚನೆಯಿಂದ ಸಮುದಾಯದ ಹೆಸರನ್ನು ತೆಗೆದುಹಾಕಿತು.

2016ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇವರಲ್ಲಿ ಯಹೂದಿ ಮೂಲವೂ ಭಾರತೀಯ ಮೂಲವೂ ಬೆರೆತಿರುವುದನ್ನು ಕಂಡಿತು. ಒಡೆದ ಹಡಗನ್ನಾಗಲಿ, ಏಳು ಜೋಡಿಗಳನ್ನಾಗಲಿ ವಿಜ್ಞಾನ ತೋರಿಸಲಾರದು. ದೂರದಿಂದ ಬಂದವರು ನಾವು ಎಂಬ ನೆನಪು ಬರಿಯ ಕಲ್ಪನೆಯಲ್ಲ ಎಂಬುದಷ್ಟೇ ಅದರಿಂದ ತಿಳಿಯಿತು.

ಇಂದು ಭಾರತದಲ್ಲಿ ಉಳಿದಿರುವ ಬೆನೆ ಇಸ್ರೇಲರು ಕೆಲವೇ ಸಾವಿರ. ಹೇಳುವವರು ಕಡಿಮೆಯಾದಷ್ಟೂ ಬರೆಯುವ ಅಗತ್ಯ ಹೆಚ್ಚು. ಅಹಮದಾಬಾದಿನಲ್ಲಿ ಹುಟ್ಟಿದ ಲೇಖಕಿ ಎಸ್ತರ್ ಡೇವಿಡ್ ಈ ಸಮುದಾಯದ ಮನೆ, ಅಡುಗೆ, ಅಜ್ಜಿಯರ ಬದುಕನ್ನು ಕಾದಂಬರಿಗಳಲ್ಲಿ ತಂದಿದ್ದಾರೆ. ‘ದಿ ಬುಕ್ ಆಫ್ ರೇಚಲ್’ ಕೃತಿಗೆ 2010ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

ಶಾಲೆಯಲ್ಲಿ ವಂಶವೃಕ್ಷ ಬರೆಸುವುದುಂಟು. ಮಕ್ಕಳು ಅಪ್ಪ, ತಾತ, ಮುತ್ತಾತ ಎಂದು ಸಲೀಸಾಗಿ ಬರೆಯುತ್ತಾರೆ. ತಾಯಿಯ ಕಡೆಗೆ ಬಂದಾಗ ಎರಡನೆಯ ಮೆಟ್ಟಿಲಿಗೇ ಪೆನ್ಸಿಲು ನಿಲ್ಲುತ್ತದೆ. ಅಜ್ಜಿ ಎದುರಿಗಿರುವಾಗಲೇ ಕೇಳಿ ಬರೆದುಕೊಳ್ಳುವಂತೆ ತಂದೆ–ತಾಯಿಯರು ಹೇಳಬೇಕು. ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಅಜ್ಜಿ ಹೇಳಿದ್ದು ಹೇಳಿದಂತೆಯೇ ಇರಲಿ. ಬಲಪುಟದಲ್ಲಿ ಕಲ್ಲು, ಕಾಗದ, ಶಾಲೆಯ ದಾಖಲಾತಿಯಲ್ಲಿ ಕಂಡದ್ದು. ಎರಡೂ ತಾಳೆಯಾಗದಿದ್ದರೆ ಯಾವುದನ್ನೂ ಅಳಿಸಬೇಕಿಲ್ಲ. ಮುಂದೊಂದು ದಿನ ಇನ್ನೊಂದು ಕಾಗದ ಸಿಕ್ಕೀತು. ಆರಂಭಕ್ಕೆ ಇಷ್ಟು ಸಾಕು: ತಾಯಿ, ತಾಯಿಯ ತಾಯಿ, ಆಕೆಯ ತಾಯಿ, ಮೂರು ಹೆಸರು, ಮೂರು ಊರು.