ಬರದ ಚಿತ್ರಕ್ಕೆ ಊರಿನ ಹೆಸರು ಬೇಡವೇ?

ಇತ್ತೀಚೆಗೆ ಬೆಂಗಳೂರಿನಲ್ಲಿ ಹಳೆಯ ಛಾಯಾಚಿತ್ರಗಳ ಪ್ರದರ್ಶನವೊಂದನ್ನು ನೋಡಿ ಬಂದೆ. ವಿಷಯ ಸಾವು. ಬಾಗಿಲಲ್ಲೇ ಲಖನೌದ ಸಿಕಂದರ್ ಬಾಗ್. 1857ರಲ್ಲಿ ಅಲ್ಲಿ ಹತರಾದ ಸಿಪಾಯಿಗಳ ಎಲುಬುಗಳು ಅಂಗಳದಲ್ಲಿ ಬಿದ್ದಿವೆ. ಫೆಲಿಸ್ ಬೀಟೊ ಈ ಚಿತ್ರ ತೆಗೆದದ್ದು ಮರುವರ್ಷ, 1858ರಲ್ಲಿ. ಚಿತ್ರಕ್ಕೆಂದೇ ಎಲುಬುಗಳನ್ನು ತಂದು ಹರಡಿಸಿದ್ದ ಎನ್ನುತ್ತಾರೆ. ಜನ ಅದರ ಮುಂದೆಯೇ ಗುಂಪುಗೂಡಿದ್ದರು.

ನಾನು ನಿಂತದ್ದು ಅದರಾಚೆಯ ಗೋಡೆಯ ಮುಂದೆ. ಅಲ್ಲಿದ್ದವು 1876-78ರ ಬರದಲ್ಲಿ ಡಬ್ಲ್ಯು. ಡಬ್ಲ್ಯು. ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದ ಚಿತ್ರಗಳು. ಬರೀ ಎಲುಬು-ತೊಗಲಾದ ಗಂಡಸರು, ಹೆಂಗಸರು, ಮಕ್ಕಳು. ಸಾಲಾಗಿ ಕೂರಿಸಿದ್ದಾರೆ. ಉಸಿರಿದೆ, ಅಷ್ಟೇ. ಕೆಳಗೆ ಬರೆದದ್ದು ‘ಮದ್ರಾಸ್ ಕ್ಷಾಮ’ ಎಂದು ಮಾತ್ರ. ಪಕ್ಕದಲ್ಲಿದ್ದ ಕಾಲೇಜು ಹುಡುಗ, “ಇವ್ರೆಲ್ಲ ತಮಿಳುನಾಡಿನವ್ರಾ ಸಾರ್?” ಅಂದ.

ಆದವಾನಿ ಕಡೆಯವನಾದ ನನಗೆ ಆ ಮಾತು ಚುಚ್ಚಿತು. ಹುಡುಗನದೇನೂ ತಪ್ಪಿಲ್ಲ. ಆಗಿನ ಮದ್ರಾಸ್ ಪ್ರಾಂತದಲ್ಲಿ ಬಳ್ಳಾರಿ ಜಿಲ್ಲೆಯೂ ಇತ್ತು, ಆ ಜಿಲ್ಲೆಯಲ್ಲಿ ಆದವಾನಿ, ಆಲೂರು, ರಾಯದುರ್ಗಗಳೂ ಇದ್ದವು ಎಂದು ಅವನಿಗೆ ಹೇಳಿದವರು ಯಾರು? ಈ ಮೂರು ತಾಲ್ಲೂಕುಗಳು ಆಂಧ್ರದ ಪಾಲಾದದ್ದು 1953ರ ಅಕ್ಟೋಬರ್ 1ರಂದು. ಬರ ಬಂದಾಗ ಆ ಗಡಿ ಇರಲಿಲ್ಲ. ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ನಮ್ಮ ಹಿರಿಯರಿಗೆ ಅದು ‘ಧಾತು ಈಶ್ವರ ಬರ’, ನೆರೆಯ ತೆಲುಗರಿಗೆ ‘ಧಾತ ಕರುವು’. ಪಕ್ಕದ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ಮೀರಿತ್ತು. 1881ರಲ್ಲಿ 42 ಲಕ್ಷಕ್ಕೂ ಕಡಿಮೆ.

ಆ ಎಲುಬುಗೂಡುಗಳನ್ನು ಮಾಡಿದ್ದು ಮಳೆಯೊಂದೇ ಅಲ್ಲ. 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ವೈಭವದ ದರ್ಬಾರು ನಡೆಸಿದ. ಅದೇ ತಿಂಗಳು ರಿಚರ್ಡ್ ಟೆಂಪಲ್ ಇಲ್ಲಿಗೆ ಬಂದು ಬರಗಾಲದ ಕಾಮಗಾರಿಯ ಕೂಲಿ ಇಳಿಸಿದ: ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯ, ಮೇಲೊಂದು ಆಣೆ. ದಿನವಿಡೀ ಕಲ್ಲು ಒಡೆಯುವವನಿಗೆ ಇದೆಲ್ಲಿ ಸಾಲುತ್ತೆ? ಸಾಲದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಆಗಲೇ ವಾದಿಸಿದ್ದ. ಇಷ್ಟರ ನಡುವೆಯೂ ಈ ದೇಶದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಇದರಲ್ಲಿ ಒಂದು ಸಾಲೂ ಆ ಗೋಡೆಯ ಮೇಲಿರಲಿಲ್ಲ.

ಚಿತ್ರ ತೆಗೆದವನ ಕಥೆಯೂ ಇರಲಿಲ್ಲ. ಹಸಿದವರನ್ನು ಕರೆಸಿ, ಕೂರಿಸಿ, ಚಿತ್ರ ತೆಗೆದು, ತುತ್ತು ಅನ್ನ ಕೊಡದೆ ಕಳಿಸಿದ ಎಂಬ ಆರೋಪ ಹೂಪರ್ ಮೇಲಿದೆ. 1886ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಕೈದಿಗಳಿಗೆ ಗುಂಡು ಹಾರಿಸುವ ಗಳಿಗೆಯನ್ನೇ ಸೆರೆಹಿಡಿಯಲು ಹೋಗಿ ವಿಚಾರಣೆ ಎದುರಿಸಿದವನೂ ಈತನೇ.

“ಹಂಗಾದ್ರ ಇಂಥ ಚಿತ್ರ ಯಾಕ ತೋರಿಸ್ಬೇಕ್ರೀ? ಸತ್ತವರನ್ನ ಸುಮ್ನ ಬಿಡ್ರಿ” ಎಂದರು ಊರಿನ ಗೆಳೆಯರೊಬ್ಬರು. ನಾನು ಒಪ್ಪುವುದಿಲ್ಲ. 1791-92ರ ಬರವನ್ನು ವಿಜಾಪುರ ಸೀಮೆಯವರು ‘ಡೋಗಿ ಬರ’ ಎಂದು ಕರೆದರು. ಹೂಳುವವರಿಲ್ಲದೆ ತಲೆಬುರುಡೆಗಳು ನೆಲದ ತುಂಬ ಬಿದ್ದಿದ್ದವಂತೆ, ಅದಕ್ಕೇ ಆ ಹೆಸರು. ಕ್ಯಾಮೆರಾ ಇಲ್ಲದ ಕಾಲದಲ್ಲೂ ನಮ್ಮ ಜನ ಸಾವನ್ನು ಮುಚ್ಚಿಡಲಿಲ್ಲ. ತೋರಿಸಲಿ, ಆದರೆ ಬರೀ ‘ಅಯ್ಯೋ ಪಾಪ’ ಅನ್ನಿಸಿ ಕಳಿಸುವುದು ಬೇಡ. ಯಾವ ಸೀಮೆ, ಏನು ಕೂಲಿ, ಯಾರ ಆಜ್ಞೆ, ಯಾರ ಕ್ಯಾಮೆರಾ ಎಂಬುದನ್ನೂ ಬರೆಯಲಿ.

ಇನ್ನೊಂದು ಮಾತು. ಇಂಥ ಚಿತ್ರಗಳು ಬೆಂಗಳೂರಿನಲ್ಲೇ ಯಾಕೆ ನಿಲ್ಲಬೇಕು? ಆದವಾನಿ, ರಾಯದುರ್ಗಕ್ಕೂ ಬರಲಿ. ಕನ್ನಡ, ತೆಲುಗು ಎರಡರಲ್ಲೂ ವಿವರ ಇರಲಿ. ಅಜ್ಜ-ಅಜ್ಜಿಯರ ಬಾಯಿಂದ ಬರದ ಕಥೆ ಕೇಳಿದವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಆ ಗೋಡೆಯ ಮುಂದೆ ಕೂರಿಸಿ ಕೇಳಿದರೆ, ಚಿತ್ರದಡಿ ಬರೆಯಬೇಕಾದ ಮಾತು ಸಿಕ್ಕೀತು.