ಎರಡು ವರ್ಷ ಮೀರಿರಬಾರದು, ಮೂರು ವರ್ಷ ತುಂಬಿರಬೇಕು

ಸ್ವಯಂಸೇವಾ ಸಂಸ್ಥೆಗಳ ಹಣದ ಬವಣೆ ತೀರುವ ಕಾಲ ಬಂತು ಎಂಬ ಧಾಟಿಯಲ್ಲಿ ಹಲವರು ಬರೆದಿದ್ದಾರೆ. ಅವರ ಸಂತೋಷಕ್ಕೆ ಕಾರಣ ಎರಡು. 2025ರ ಫೆಬ್ರುವರಿಯ ಬಜೆಟ್, ಸಣ್ಣ ಟ್ರಸ್ಟ್‌ಗಳ ಆದಾಯ ತೆರಿಗೆ ನೋಂದಣಿಯ ಅವಧಿಯನ್ನು 5 ವರ್ಷದಿಂದ 10 ವರ್ಷಕ್ಕೆ ಹೆಚ್ಚಿಸಿತು. ಮಾರ್ಚ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ, ಸ್ವಯಂಸೇವಾ ಸಂಸ್ಥೆಗಳು ಹಣ ಸಂಗ್ರಹಿಸುವ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಮೂಲಕ ಹಣ ಕೊಡುವವರಿಗೆ ಇದ್ದ 10,000 ರೂಪಾಯಿಯ ಕನಿಷ್ಠ ಮಿತಿಯನ್ನು 1,000ಕ್ಕೆ ಇಳಿಸಿತು. ಎರಡೂ ಒಳ್ಳೆಯ ಕ್ರಮಗಳೇ. ಆದರೆ ಇವತ್ತು ಹುಟ್ಟುವ ಸಂಸ್ಥೆಯೊಂದಕ್ಕೆ ಇವುಗಳಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅದಕ್ಕೆ ಅಡ್ಡ ನಿಂತಿರುವ ಅಂಕಿಯನ್ನು ಯಾರೂ ಮುಟ್ಟಿಲ್ಲ. ಆ ಅಂಕಿ ಮೂರು.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬೇಕೆಂದರೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ದಾಖಲೆ ಇರಬೇಕು. ವಿದೇಶಿ ದೇಣಿಗೆಗಾಗಿ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕೆಂದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು. ಆ ಮೂರು ವರ್ಷಗಳಲ್ಲಿ ಆಡಳಿತ ವೆಚ್ಚ ಬಿಟ್ಟು, ಮೂಲ ಕೆಲಸಕ್ಕೆಂದೇ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. 2020ರ ನವೆಂಬರ್‌ವರೆಗೆ ಈ ಮೊತ್ತ 10 ಲಕ್ಷ ಇತ್ತು. ಪೂರ್ವಾನುಮತಿಯ ದಾರಿ ಇದೆಯಲ್ಲ ಎನ್ನುವವರು ಅದರ ಷರತ್ತನ್ನು ನೋಡಬೇಕು: ಅದು ಒಬ್ಬ ನಿರ್ದಿಷ್ಟ ದಾನಿಯಿಂದ, ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಮೊತ್ತ ಪಡೆಯಲು ಮಾತ್ರ. ದಾನಿಯ ಒಪ್ಪಿಗೆ ಪತ್ರ ಕೈಯಲ್ಲಿದ್ದರಷ್ಟೇ ಅರ್ಜಿ. ಹೆಸರೇ ಇಲ್ಲದ ಸಂಸ್ಥೆಗೆ ಆ ಪತ್ರ ಬರೆದುಕೊಡುವವರು ಅಪರೂಪ.

ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲೂ ಮೊದಲ ಷರತ್ತು ಮೂರು ವರ್ಷ. ಅದರ ಜೊತೆಗೆ ಹಿಂದಿನ ಆರ್ಥಿಕ ವರ್ಷದಲ್ಲಿ ಕನಿಷ್ಠ 50 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು, 10 ಲಕ್ಷ ರೂಪಾಯಿ ನೆರವು ಪಡೆದಿರಬೇಕು. ಕೊಡುವವರ ಮಿತಿ ಸಾವಿರಕ್ಕೆ ಇಳಿಯಿತು, ಪಡೆಯುವವರ ಮಿತಿ 50 ಲಕ್ಷದಲ್ಲೇ ಉಳಿಯಿತು. ಅಲ್ಲಿ ಮೊದಲು ಹಣ ಸಂಗ್ರಹಿಸಿದ್ದು ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಷನ್. 2023ರ ಡಿಸೆಂಬರ್‌ನಲ್ಲಿ 1.8 ಕೋಟಿ ರೂಪಾಯಿ. ಯುವಜನರಿಗೆ ಕೌಶಲ ಕಲಿಸುತ್ತ ಅದಾಗಲೇ ಬೇರೂರಿದ್ದ ಸಂಸ್ಥೆ ಅದು. ಅದಕ್ಕೆ ಹಣ ಸಿಕ್ಕಿದ್ದು ಸರಿಯೇ. ಹೊಸಬರಿಗೆ ಬಾಗಿಲು ತೆರೆಯಿತು ಎನ್ನಲು ಅದನ್ನು ಉದಾಹರಣೆ ಮಾಡುವುದು ಸರಿಯಲ್ಲ. ಇನ್ನು ಬಜೆಟ್ ಕೊಟ್ಟ 10 ವರ್ಷದ ಸೌಲಭ್ಯ. ಹೊಸ ಸಂಸ್ಥೆಗೆ ಸಿಗುವುದು ತಾತ್ಕಾಲಿಕ ನೋಂದಣಿ. ಅದರ ಅವಧಿಯೂ ಮೂರೇ ವರ್ಷ.

ಕೆಲಸ ಮಾಡಿ ತೋರಿಸಿದರೆ ಹಣ, ಹಣ ಇದ್ದರೆ ಕೆಲಸ. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂಬ ಗಾದೆಯನ್ನು ನಾವು ನಿಯಮಾವಳಿಯಲ್ಲೇ ಬರೆದಿಟ್ಟಿದ್ದೇವೆ.

ಇದಕ್ಕೆ ಸಿದ್ಧ ಸಮರ್ಥನೆಯೊಂದಿದೆ: ಸಾರ್ವಜನಿಕ ಹಿತಕ್ಕೆಂದು ತೆಗೆದಿಟ್ಟ ಹಣವನ್ನು ಅನುಭವವಿಲ್ಲದವರ ಕೈಗೆ ಹೇಗೆ ಕೊಡುವುದು? ಈ ಪ್ರಶ್ನೆ ಕೇಳುವವರು 2021ರ ಏಪ್ರಿಲ್ 1ನ್ನು ನೆನಪಿಸಿಕೊಳ್ಳಬೇಕು. ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳು ಸಿಎಸ್‌ಆರ್–1 ಅರ್ಜಿ ಸಲ್ಲಿಸಿ ನೋಂದಾಯಿಸಿಕೊಳ್ಳುವುದು ಕಡ್ಡಾಯವಾದದ್ದು ಆ ದಿನ. ಅದೇ ದಿನದಿಂದ ಅನ್ವಯವಾಗುವಂತೆ ಕೇಂದ್ರ ಸರ್ಕಾರವೇ ಇನ್ನೊಂದು ಯೋಜನೆ ತಂದಿತು: ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್, ಮೊತ್ತ 945 ಕೋಟಿ ರೂಪಾಯಿ. ಇದರಲ್ಲಿ ಅರ್ಜಿ ಹಾಕುವ ಕಂಪನಿ ಸ್ಥಾಪನೆಯಾಗಿ ಎರಡು ವರ್ಷ ಮೀರಿರಬಾರದು. ಯೋಚನೆ ಕೆಲಸಕ್ಕೆ ಬರುತ್ತದೆಯೇ ಎಂದು ಪರೀಕ್ಷಿಸಿ ನೋಡಲು 20 ಲಕ್ಷ ರೂಪಾಯಿವರೆಗೆ ಅನುದಾನ. ಹಿಂದಿರುಗಿಸಬೇಕಿಲ್ಲ.

ಲಾಭಕ್ಕೆ ದುಡಿಯುವ ಕಂಪನಿ ಎಳೆಯದಾಗಿದ್ದರೆ ಅದೇ ಅರ್ಹತೆ. ಲಾಭವಿಲ್ಲದೆ ದುಡಿಯುವ ಸಂಸ್ಥೆ ಎಳೆಯದಾಗಿದ್ದರೆ ಅದೇ ಅನರ್ಹತೆ. ಒಂದೇ ಸರ್ಕಾರ, ಒಂದೇ ದಿನಾಂಕ, ಎರಡು ನ್ಯಾಯ. ಸ್ಟಾರ್ಟ್‌ಅಪ್ ಸೋಲಬಹುದು ಎಂಬುದು ಸರ್ಕಾರಕ್ಕೆ ಗೊತ್ತಿದೆ. ಗೊತ್ತಿದ್ದೇ ಹಣ ತೊಡಗಿಸುತ್ತದೆ, ಏಕೆಂದರೆ ಸೋಲುವ ಹಲವರ ನಡುವೆ ಗೆಲ್ಲುವ ಕೆಲವರು ಎಲ್ಲದರ ವೆಚ್ಚ ತುಂಬಿಕೊಡುತ್ತಾರೆ ಎಂಬ ನಂಬಿಕೆ ಅದಕ್ಕಿದೆ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಹೊಸ ಬಗೆಯಲ್ಲಿ ಓದು ಕಲಿಸಲು ಹೊರಟವರಿಗೆ, ಮಾನಸಿಕ ಕಾಯಿಲೆಯ ಆರೈಕೆಯನ್ನು ಹಳ್ಳಿಗೆ ಒಯ್ಯಲು ಹೊರಟವರಿಗೆ ಈ ನಂಬಿಕೆ ಏಕೆ ಇಲ್ಲ? ಸಿಎಸ್‌ಆರ್ ಕಾನೂನಿನ ಏಳನೇ ಅನುಸೂಚಿಯಲ್ಲೇ ವಿಜ್ಞಾನ, ತಂತ್ರಜ್ಞಾನದ ಇನ್‌ಕ್ಯುಬೇಟರ್‌ಗಳಿಗೆ ಹಣ ಕೊಡಲು ಅವಕಾಶವಿದೆ. ಸಮಾಜಸೇವೆಗೆಂದೇ ಹುಟ್ಟಿದ ಕಾನೂನು ಸಮಾಜಸೇವೆಯ ಹೊಸಬರಿಗೆ ಅಂಥ ಒಂದು ಸಾಲನ್ನೂ ಇಟ್ಟಿಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಸಿಎಸ್‌ಆರ್ ನಿಯಮಗಳ ನಾಲ್ಕನೇ ನಿಯಮದೊಳಗಿದೆ. ಮೂರು ವರ್ಷದ ಷರತ್ತು ಎಲ್ಲರಿಗೂ ಇಲ್ಲ. ಕಂಪನಿಯೇ ಒಂಟಿಯಾಗಿ ಅಥವಾ ಇನ್ನೊಂದು ಕಂಪನಿಯೊಡನೆ ಸೇರಿ ಟ್ರಸ್ಟ್ ಕಟ್ಟಿಕೊಂಡರೆ ಅದಕ್ಕೆ ಅನುಭವದ ಅಗತ್ಯವಿಲ್ಲ. ತೆರಿಗೆ ನೋಂದಣಿ ಆದೊಡನೆ ಕೋಟಿ ರೂಪಾಯಿ ಪಡೆಯಬಹುದು. 2022–23ರಲ್ಲಿ ದೇಶದ ಕಂಪನಿಗಳು ಸಿಎಸ್‌ಆರ್‌ಗೆ ವ್ಯಯಿಸಿದ್ದು ಸುಮಾರು 30 ಸಾವಿರ ಕೋಟಿ ರೂಪಾಯಿ. ಆ ಹಣದ ಮುಂದೆ ನಿಂತ ಇಬ್ಬರು ಹೊಸಬರಲ್ಲಿ ಒಬ್ಬರಿಗೆ ವಯಸ್ಸು ಕೇಳುತ್ತೇವೆ, ಇನ್ನೊಬ್ಬರಿಗೆ ಒಡೆಯರು ಯಾರೆಂದು ಕೇಳಿ ಒಳಗೆ ಬಿಡುತ್ತೇವೆ. ಹಾಗಾದರೆ ಈ ನಿಯಮ ಅಳೆಯುತ್ತಿರುವುದು ಅನುಭವವನ್ನಲ್ಲ, ಒಡೆತನವನ್ನು.

ಸ್ವಂತ ಟ್ರಸ್ಟ್‌ಗೆ ಕಂಪನಿಯೇ ಹೊಣೆ, ಹಾಗಾಗಿ ವಿನಾಯಿತಿ ಎಂಬ ಉತ್ತರ ಬರುತ್ತದೆ. ಹೊಣೆಯೇ ಮುಖ್ಯವಾದರೆ ಅದು ಈಗಲೂ ಕಂಪನಿಯ ಮೇಲೇ ಇದೆ. ಹಣ ಯಾರಿಗೇ ಕೊಡಲಿ, ಅದು ಉದ್ದೇಶಕ್ಕೆ ತಕ್ಕಂತೆ ಬಳಕೆಯಾಯಿತೆಂದು ನಿರ್ದೇಶಕ ಮಂಡಳಿ ಖಾತ್ರಿಪಡಿಸಿಕೊಳ್ಳಬೇಕು, ಮುಖ್ಯ ಹಣಕಾಸು ಅಧಿಕಾರಿ ಪ್ರಮಾಣೀಕರಿಸಬೇಕು. ದೊಡ್ಡ ಕಂಪನಿಗಳ ದೊಡ್ಡ ಯೋಜನೆಗಳಿಗೆ ಪರಿಣಾಮದ ಮೌಲ್ಯಮಾಪನವೂ ಕಡ್ಡಾಯ. ಕೊಟ್ಟ ಮೇಲೆ ಇಷ್ಟು ಕಾವಲು ಇರುವಾಗ, ಕೊಡುವ ಮೊದಲೇ ಬಾಗಿಲು ಹಾಕುವುದಕ್ಕೆ ಕಾರಣವಿಲ್ಲ.

ನಕಲಿ ಸಂಸ್ಥೆಗಳ ಭಯ ಸುಳ್ಳಲ್ಲ. ಆದರೆ ವಯಸ್ಸು ಅದಕ್ಕೆ ಮದ್ದಲ್ಲ. ಎಫ್‌ಸಿಆರ್‌ಎ ಅಡಿ ಈವರೆಗೆ 20 ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ನೋಂದಣಿ ರದ್ದಾಗಿದೆ. ರದ್ದತಿಗಳು ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಬೇರೆ. ಸರ್ಕಾರದ ಮಾತನ್ನೇ ಒಪ್ಪಿಕೊಂಡರೂ, ಅವು ನೋಂದಣಿಯ ಅರ್ಹತೆ ದಾಟಿ ಒಳಗೆ ಬಂದಿದ್ದ ಸಂಸ್ಥೆಗಳು, ಹೊಸ ಸಂಸ್ಥೆಗಳಲ್ಲ. ಮೋಸ ಮಾಡುವವರಿಗೆ ಮೂರು ವರ್ಷ ಕಾಯುವುದು ಕಷ್ಟವೇ ಅಲ್ಲ. ಕೆಲಸವಿಲ್ಲದೆ ಬಿದ್ದಿರುವ ಹಳೆಯ ಟ್ರಸ್ಟ್‌ನ ಟ್ರಸ್ಟಿಗಳನ್ನು ಬದಲಿಸಿಕೊಂಡು ಅರ್ಜಿ ಹಾಕುವ ಆಸೆಯನ್ನು ಹುಟ್ಟಿಸುವುದೂ ಇದೇ ನಿಯಮ. ಕಾಯಲಾಗದೆ ಹೊರಗುಳಿಯುವವರು, ಮಾಡಲು ನಿಜವಾದ ಕೆಲಸ ಕಣ್ಣೆದುರು ಇರುವವರು.

ಆ ಮೂರು ವರ್ಷ ಯಾರು ಬದುಕುತ್ತಾರೆ ಎಂಬುದನ್ನು ಲೆಕ್ಕ ಹಾಕೋಣ. ಎಫ್‌ಸಿಆರ್‌ಎ ಕೇಳುವ 15 ಲಕ್ಷವೆಂದರೆ ತಿಂಗಳಿಗೆ ಸುಮಾರು 42 ಸಾವಿರ ರೂಪಾಯಿ. ಐಟಿ ಕಂಪನಿಯಲ್ಲಿ ದುಡಿದು ಬಂದವರು, ನಿವೃತ್ತ ಅಧಿಕಾರಿಗಳು, ಊರಿನ ಹಣವಂತ ಮನೆತನದವರು ಇದನ್ನು ಗೆಳೆಯರ ವಲಯದಲ್ಲೇ ಎತ್ತಬಲ್ಲರು. ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಬಾಲ್ಯವಿವಾಹ ತಡೆಯಲು ಹೊರಟ ಪದವೀಧರೆಯ ಸುತ್ತ ಇರುವವರು ಕೂಲಿಗೆ ಹೋಗುವವರು. ಅವರು ಕೊಡಬಲ್ಲದ್ದು ಸಮಯ, ಊಟ, ಉಳಿಯಲು ಜಾಗ. ಇವು ಯಾವ ಲೆಕ್ಕಪತ್ರದಲ್ಲೂ 15 ಲಕ್ಷವಾಗುವುದಿಲ್ಲ. ಸಿಎಸ್‌ಆರ್ ಕಾನೂನು ಕಂಪನಿ ಇರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಲು ಹೇಳುತ್ತದೆ. ರಾಜ್ಯದ ಹೆಚ್ಚಿನ ಕಂಪನಿಗಳಿರುವುದು ಬೆಂಗಳೂರಿನ ಸುತ್ತ. ಸಮಸ್ಯೆಯನ್ನು ಅನುಭವಿಸಿ ಬಲ್ಲವರು ಹೀಗೆ ಮೊದಲ ಸುತ್ತಿನಲ್ಲೇ ಸೋಸಿಹೋಗುತ್ತಾರೆ. ಜಾತಿ, ಭಾಷೆ, ಜಿಲ್ಲೆ ಯಾವುದನ್ನೂ ಹೆಸರಿಸದ ನಿಯಮ ಇವೆಲ್ಲವನ್ನೂ ಜರಡಿ ಹಿಡಿಯುತ್ತದೆ.

ಈ ಮೂರು ವರ್ಷಗಳಲ್ಲಿ ಹೊಸಬರ ಕೈಯಲ್ಲಿದ್ದ ಒಂದೇ ಸಾಧನ, ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ. ತಾತ್ಕಾಲಿಕ ನೋಂದಣಿಯೊಡನೆ ಅದು ಸಿಗುತ್ತದೆ; ಆ ಮಟ್ಟಿಗೆ ಆದಾಯ ತೆರಿಗೆ ಇಲಾಖೆ ಹೊಸಬರನ್ನು ಮೊದಲ ದಿನದಿಂದಲೇ ನಂಬುತ್ತದೆ. ಶೇ 30ರ ತೆರಿಗೆ ಹಂತದಲ್ಲಿರುವವರು 10,000 ರೂಪಾಯಿ ಕೊಟ್ಟರೆ ಅವರಿಗೆ 1,500 ರೂಪಾಯಿ ತೆರಿಗೆ ಉಳಿಯುತ್ತಿತ್ತು. ದೊಡ್ಡ ಮೊತ್ತವಲ್ಲ, ಆದರೆ ಪರಿಚಯವಿಲ್ಲದವರ ಬಳಿ ಮಾತು ಶುರುಮಾಡಲು ಅದೊಂದು ಆಧಾರವಾಗಿತ್ತು. ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. 2024ರ ಜುಲೈ 31ರವರೆಗೆ ಸಲ್ಲಿಕೆಯಾದ 7.28 ಕೋಟಿ ರಿಟರ್ನ್‌ಗಳಲ್ಲಿ 5.27 ಕೋಟಿ ಹೊಸ ಪದ್ಧತಿಯವು, ಅಂದರೆ ಶೇ 72. ಆಮೇಲೆ ಬಂದ 2025ರ ಬಜೆಟ್, ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲವೆಂದಿತು. ಮಧ್ಯಮ ವರ್ಗಕ್ಕೆ ಅದು ನೆಮ್ಮದಿ. ಆದರೆ ಅದೇ ಬಜೆಟ್ಟನ್ನು ಸ್ವಯಂಸೇವಾ ಸಂಸ್ಥೆಗಳಿಗೆ ಸಿಕ್ಕ ಕೊಡುಗೆ ಎಂದು ಹೊಗಳುವವರು ಈ ಇನ್ನೊಂದು ಪುಟವನ್ನೂ ಓದಬೇಕಿತ್ತು.

ದೊಡ್ಡವರಿಂದ ಸಣ್ಣವರಿಗೆ ಹಣ ಹರಿಯುವ ದಾರಿಗಳೂ ಕಿರಿದಾಗಿವೆ. ಎಫ್‌ಸಿಆರ್‌ಎಗೆ 2020ರಲ್ಲಿ ತಂದ ತಿದ್ದುಪಡಿ, ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ಕೊಡುವುದನ್ನು ಪೂರ್ತಿ ನಿಷೇಧಿಸಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2023ರ ಹಣಕಾಸು ಕಾಯ್ದೆ ದೇಶದೊಳಗಿನ ಹಣಕ್ಕೂ ಕೈಹಾಕಿತು: ಒಂದು ಟ್ರಸ್ಟ್ ಇನ್ನೊಂದಕ್ಕೆ 100 ರೂಪಾಯಿ ಕೊಟ್ಟರೆ, ಖರ್ಚಿನ ಲೆಕ್ಕಕ್ಕೆ ಬರುವುದು 85 ಮಾತ್ರ. ಬಲ್ಲ ಸಂಸ್ಥೆಯೊಂದು ಎಳೆಯ ಸಂಸ್ಥೆಯ ಕೈಹಿಡಿದು ನಡೆಸುವುದೇ ಹೊಸಬರ ತಪ್ಪುಗಳನ್ನು ತಡೆಯುವ ಉತ್ತಮ ವ್ಯವಸ್ಥೆ. ಅದಕ್ಕೇ ದಂಡ ಹಾಕಿದ್ದೇವೆ.

ಪರೀಕ್ಷೆಯಾಗದ ಕೆಲಸಕ್ಕೆ ಸಾರ್ವಜನಿಕ ಹಣ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉತ್ತರ ಇದೆ. ಎಂಬತ್ತರ ದಶಕದ ನಡುವೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ್ದ ಸಹಕಾರ ಸಂಘಗಳು ಒಡೆದಾಗ, ಹಳ್ಳಿಯ ಸದಸ್ಯರು ಪರಸ್ಪರ ನಂಬಿಕೆಯುಳ್ಳ ಸಣ್ಣ ಗುಂಪುಗಳಾಗಿ ಉಳಿತಾಯ ಶುರುಮಾಡಿದರು. ಆ ಗುಂಪುಗಳಿಗೆ ನೋಂದಣಿ ಇರಲಿಲ್ಲ, ದಾಖಲೆ ಇರಲಿಲ್ಲ, ಅಡವಿಡಲು ಆಸ್ತಿ ಇರಲಿಲ್ಲ. 1987ರಲ್ಲಿ ನಬಾರ್ಡ್ ಅವುಗಳ ಪ್ರಯೋಗಕ್ಕೆಂದು ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಅಲ್ಲಿ ಕಂಡ ಫಲಿತಾಂಶ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕ್‌ಗಳೊಡನೆ ಜೋಡಿಸುವ ಯೋಜನೆಗೆ ಹಾದಿಯಾಯಿತು. ಆರಂಭದ ಗುರಿ 500 ಗುಂಪು. ಇಂದು ಎಲ್ಲ ಸರ್ಕಾರಗಳೂ ತಮ್ಮದೆಂದು ಹೇಳಿಕೊಳ್ಳುವ ಮಹಿಳಾ ಸಂಘಗಳ ಚಳವಳಿ ಬೆಳೆದದ್ದು ಅಲ್ಲಿಂದ. ಮೈರಾಡ ಆಗ ಹೊಸ ಸಂಸ್ಥೆಯಾಗಿರಲಿಲ್ಲ ನಿಜ. ಆದರೆ ನಬಾರ್ಡ್ ನಂಬಿದ್ದು ಮೈರಾಡದ ಮೂಲಕ ಆ ಎಳೆಯ ಗುಂಪುಗಳನ್ನು. ಅನುಭವಿ ಸಂಸ್ಥೆ ನಡುವೆ ನಿಂತು, ಹೊಸಬರಿಗೆ ಹಣ ತಲುಪಿಸುವ ಆ ಮಾದರಿಯೇ ಇವತ್ತು ಬೇಕಿರುವುದು.

ಮಾಡಬೇಕಾದ್ದು ದೊಡ್ಡದೇನಲ್ಲ. ಸಿಎಸ್‌ಆರ್ ಹಣಕ್ಕಿರುವ ಮೂರು ವರ್ಷದ ಷರತ್ತು ಕಂಪನಿ ಕಾಯ್ದೆಯಲ್ಲಿಲ್ಲ, ನಿಯಮದಲ್ಲಿದೆ. ಸಂಸತ್ತಿಗೆ ಹೋಗಬೇಕಿಲ್ಲ, ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಒಂದು ಅಧಿಸೂಚನೆ ಸಾಕು. ಸ್ಟಾರ್ಟ್‌ಅಪ್‌ಗೆ ಕೊಡುವ 20 ಲಕ್ಷವನ್ನೇ ಮಿತಿಯಾಗಿಟ್ಟು, ಕಂಪನಿಯ ನಿರ್ದೇಶಕ ಮಂಡಳಿಯ ಹೊಣೆಯಲ್ಲಿ, ಹಳೆಯ ಸಂಸ್ಥೆಯೊಂದರ ಮಾರ್ಗದರ್ಶನದಲ್ಲಿ ಹೊಸಬರಿಗೆ ಹಣ ಕೊಡಲು ಅನುಮತಿಸಲಿ. ಹೊಸ ತೆರಿಗೆ ಪದ್ಧತಿಯಲ್ಲೂ 80ಜಿ ವಿನಾಯಿತಿ ಸಿಗಲಿ.

ಕರ್ನಾಟಕ ಸರ್ಕಾರ ದೆಹಲಿಗಾಗಿ ಕಾಯಬೇಕಾಗಿಯೂ ಇಲ್ಲ. ರಾಜ್ಯ ಸರ್ಕಾರ ಸ್ಥಾಪಿಸುವ ಸಂಸ್ಥೆಗೆ ಸಿಎಸ್‌ಆರ್ ನಿಯಮದಲ್ಲಿ ಮೂರು ವರ್ಷದ ಷರತ್ತಿಲ್ಲ. ನಮ್ಮ ರಾಜ್ಯ ‘ಎಲಿವೇಟ್’ ಯೋಜನೆಯಲ್ಲಿ ಒಂದೊಂದು ಸ್ಟಾರ್ಟ್‌ಅಪ್‌ಗೆ 50 ಲಕ್ಷ ರೂಪಾಯಿವರೆಗೆ ಬೀಜಧನ ಕೊಡುತ್ತಿದೆ; ಅರ್ಜಿ ಕರೆದು, ಪರಿಶೀಲಿಸಿ, ಆರಿಸಿ ಕೊಡುವ ವಿಧಾನ ಅಧಿಕಾರಿಗಳಿಗೆ ರೂಢಿಯಾಗಿದೆ. ಅದೇ ರೀತಿ ಸಿಎಸ್‌ಆರ್ ಹಣವನ್ನು ಪಡೆದು, ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಆದ್ಯತೆ ಕೊಟ್ಟು, ಹೊಸ ಸಂಸ್ಥೆಗಳ ಕೆಲಸಕ್ಕೆ ತೊಡಗಿಸುವ ಸೊಸೈಟಿಯೊಂದನ್ನು ಕಟ್ಟಲು ಬೇಕಿರುವುದು ಸಚಿವ ಸಂಪುಟದ ಒಂದು ತೀರ್ಮಾನ.

ಇನ್ನು ಮುಂದೆ ಹೊಸ ಸ್ವಯಂಸೇವಾ ಸಂಸ್ಥೆಗಳಿಗೆ ನೆರವೆಂದು ಬರುವ ಪ್ರತಿ ಘೋಷಣೆಗೂ ಒಂದೇ ಪ್ರಶ್ನೆ ಕೇಳಬೇಕು: ಕಳೆದ ತಿಂಗಳು ನೋಂದಣಿಯಾದ, ಬೆನ್ನಿಗೆ ಯಾವ ಕಂಪನಿಯೂ ಇಲ್ಲದ ಸಂಸ್ಥೆಗೆ ಇದರಿಂದ ಮೊದಲ ವರ್ಷ ಎಷ್ಟು ಹಣ ಸಿಗಬಲ್ಲದು? ಉತ್ತರ ಸೊನ್ನೆಯಾದರೆ ಅದು ಹಳೆಯ ಸಂಸ್ಥೆಗಳಿಗೆ ಮಾಡಿದ ಉಪಕಾರ. ಅದನ್ನು ಹಾಗೆಯೇ ಕರೆಯೋಣ, ಮತ್ತು ಹೊಸಬರ ಪಾಲನ್ನು ಬೇರೆಯಾಗಿಯೇ ಕೇಳೋಣ.